ಗುಜರಿ ಗಾಡಿ ಬರುವ ಮುಂಚೆ ಒಂದು ಕೋಣೆ ಕೊಡಿ

ದಾವಣಗೆರೆ ಮಹಾನಗರ ಪಾಲಿಕೆಯ ಆಯುಕ್ತರಿಗೆ, ನಗರದ ಸಾರ್ವಜನಿಕ ಗ್ರಂಥಾಲಯ ನೋಡಿಕೊಳ್ಳುವ ಅಧಿಕಾರಿಗಳಿಗೆ, ಮತ್ತೆ ನಮ್ಮೂರಿನ ಎಲ್ಲ ಅಪ್ಪ ಅಮ್ಮಂದಿರಿಗೆ ನಮಸ್ಕಾರ.

ನಾನು ಮಂಡಿಪೇಟೆ ಕಡೆ ಟಿವಿ ರಿಪೇರಿ ಮಾಡುವವನು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಮೊದಲು ಟೇಪ್ ರೆಕಾರ್ಡರ್, ಆಮೇಲೆ ಕಲರ್ ಟಿವಿ, ಈಗ ಎಲ್‌ಇಡಿ.

ಹೋದ ತಿಂಗಳು ವಿದ್ಯಾನಗರದಿಂದ ಒಬ್ಬ ಅಕ್ಕ ಅಂಗಡಿಗೆ ಬಂದರು. ಕೈಯಲ್ಲಿ ಬಟ್ಟೆ ಚೀಲ. ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದಾರಂತೆ. ಅಟ್ಟದ ಸಾಮಾನನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕುವಾಗ ಈ ಚೀಲ ಸಿಕ್ಕಿತಂತೆ. "ನಮ್ಮಣ್ಣಂದು ಇದು. ಬಿಸಾಕೋಕೆ ಮನಸ್ಸು ಬರ್ಲಿಲ್ಲ. ನಿಮಗೇನಾದ್ರೂ ಉಪಯೋಗ ಆಗುತ್ತಾ ನೋಡ್ರಿ" ಅಂದರು.

ಒಳಗೆ ಒಂದು ಟಿವಿ ಗೇಮ್ ಇತ್ತು. ಬಿಳಿ ಡಬ್ಬಿ ಹಳದಿಗೆ ತಿರುಗಿತ್ತು. ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಗನ್ನು, ಏಳು ಕ್ಯಾಸೆಟ್ಟು. ಸ್ಕ್ರೂ ಬಿಚ್ಚಿದೆ. ಜಿರಳೆ ಮೊಟ್ಟೆ, ಧೂಳು. ಒಂದು ಕೆಪಾಸಿಟರ್ ಉಬ್ಬಿ ಸೋರಿತ್ತು. ಅದನ್ನು ಬದಲಾಯಿಸಿದೆ. ಕ್ಯಾಸೆಟ್ಟಿನ ತಳದಲ್ಲಿ ಹಲ್ಲಿನ ಹಾಗೆ ಅರವತ್ತು ಪಿನ್ ಇರುತ್ತವೆ. ಎಲ್ಲಾ ಕಪ್ಪಾಗಿದ್ದವು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ, ಸ್ಪಿರಿಟ್ ಹಚ್ಚಿ ಒರೆಸಿದೆ. ನಾವು ಚಿಕ್ಕವರಿದ್ದಾಗ ಉಫ್ ಉಫ್ ಅಂತ ಊದುತ್ತಿದ್ವಿ ಅಲ್ವಾ, ಅದು ತಪ್ಪು. ಉಸಿರಿನ ತೇವಕ್ಕೆ ಪಿನ್ನು ಇನ್ನೂ ಬೇಗ ಕಪ್ಪಾಗುತ್ತದೆ. ತೆಗೆದು ಮತ್ತೆ ಹಾಕಿದ್ದಕ್ಕೆ ಕನೆಕ್ಷನ್ ಸರಿ ಹೋಗುತ್ತಿತ್ತು, ನಾವು ಊದಿದ್ದಕ್ಕೆ ಅಂದುಕೊಂಡಿದ್ವಿ.

ಅಂಗಡಿಯ ಹಳೇ 14 ಇಂಚಿನ ಡಬ್ಬಾ ಟಿವಿಗೆ ಹಾಕಿ ಚಾನೆಲ್ ಟ್ಯೂನ್ ಮಾಡಿದೆ. ಓಡುತ್ತಾ ಎಗರುವ ಆಟದ ಹೀರೊ ಮಾರಿಯೊ ಬಂದ. ಆ ಆಟದ ಹಾಡೂ ಬಂತು.

ಅಕ್ಕ ಚೀಲ ಕೆಳಗಿಟ್ಟರು. ರಿಮೋಟ್ ಕೈಗೆ ತೆಗೆದುಕೊಂಡರು. ಮೂವತ್ತು ವರ್ಷ ಆಗಿರಬೇಕು ಅವರು ಅದನ್ನು ಮುಟ್ಟಿ. ಮೊದಲನೇ ಸ್ಟೇಜಿನಲ್ಲಿ ಮೊದಲ ಹಳ್ಳ ಬರುವುದಕ್ಕೆ ಸ್ವಲ್ಪ ಮುಂಚೆ ನಿಂತರು. ಅಲ್ಲಿ ಪರದೆ ಮೇಲೆ ಏನೂ ಇಲ್ಲ, ಬರೀ ಆಕಾಶ. ಅಲ್ಲೇ ಎಗರಿಸಿದರು. ಟಣ್ ಅಂತ ಒಂದು ಪೆಟ್ಟಿಗೆ ಕಾಣಿಸಿಕೊಂಡಿತು. ಅದರಿಂದ ಹಸಿರು ಅಣಬೆ ಹೊರಗೆ ಬಂತು. ಒಂದು ಜೀವ ಜಾಸ್ತಿ. "ಅಣ್ಣ ತೋರಿಸಿಕೊಟ್ಟಿದ್ದು" ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಅಣ್ಣ ಈಗಿಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು.

ನಾನು ಈ ಪತ್ರ ಬರೆಯುವುದಕ್ಕೆ ಆ ಅಕ್ಕನೇ ಕಾರಣ. ನನ್ನ ಬೇಡಿಕೆ ಚಿಕ್ಕದು. ನಮ್ಮೂರಿನ ಯಾವುದಾದರೂ ಒಂದು ಗ್ರಂಥಾಲಯದಲ್ಲಿ ಒಂದು ಕೋಣೆ ಕೊಡಿ. ಹಳೇ ವಿಡಿಯೊ ಗೇಮ್‌ಗಳನ್ನು ಅಲ್ಲಿ ಇಡೋಣ. ಮಕ್ಕಳು ಬಂದು ಆಡಲಿ, ದೊಡ್ಡವರು ಬಂದು ತೋರಿಸಿಕೊಡಲಿ.

ಇದಕ್ಕೆ ಗ್ರಂಥಾಲಯ ಯಾಕೆ ಅಂತ ಕೇಳಬಹುದು. ಹೇಳುತ್ತೇನೆ.

ಮಾರಿಯೊ ಆಟ ಜಪಾನಿನಲ್ಲಿ ಬಂದಿದ್ದು 1985ರ ಸೆಪ್ಟೆಂಬರಿನಲ್ಲಿ. ನಿಂಟೆಂಡೊ ಅನ್ನುವ ಕಂಪನಿಯ ಶಿಗೆರು ಮಿಯಾಮೊಟೊ ಮತ್ತು ಅವರ ಜೊತೆಗಾರರು ಮಾಡಿದ್ದು. ಇಡೀ ಆಟ ಬರೀ 40 ಕಿಲೋಬೈಟ್. ಇವತ್ತು ನಿಮ್ಮ ವಾಟ್ಸ್ಆ್ಯಪ್‌ಗೆ ಬರುವ ಒಂದು ಗುಡ್ ಮಾರ್ನಿಂಗ್ ಫೋಟೊ ಅದಕ್ಕಿಂತ ದೊಡ್ಡದು. ಜಾಗ ಸಾಲದು ಅಂತ ಅವರು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದರು. ಬಿಳಿ ಬಣ್ಣ ಕೊಟ್ಟರೆ ಮೋಡ, ಹಸಿರು ಕೊಟ್ಟರೆ ಪೊದೆ. ಮುಂದಿನ ಸಲ ನೋಡುವಾಗ ಗಮನಿಸಿ, ಗೊತ್ತಾಗುತ್ತದೆ.

ನನಗೆ ಅದಕ್ಕಿಂತ ಹೆಚ್ಚು ಅನಿಸುವುದು ಇನ್ನೊಂದಿದೆ. ಆ ಆಟ ಒಂದು ಅಕ್ಷರವನ್ನೂ ಓದಿಸದೆ ಎಲ್ಲಾ ಕಲಿಸುತ್ತದೆ. ಶುರುವಿನಲ್ಲಿ ಮಾರಿಯೊ ಎಡಕ್ಕೆ ನಿಂತಿರುತ್ತಾನೆ, ಬಲಕ್ಕೆ ಖಾಲಿ ಜಾಗ. ಹೋಗಬೇಕಾದ ದಾರಿ ತಾನೇ ಗೊತ್ತಾಗುತ್ತದೆ. ಸ್ವಲ್ಪ ದೂರಕ್ಕೆ ಒಂದು ಕಂದು ಅಣಬೆ ನಡೆದು ಬರುತ್ತದೆ. ತಾಗಿದರೆ ಸತ್ತೆ, ಎಗರಿದರೆ ಉಳಿದೆ. ಎರಡನೇ ಸಲಕ್ಕೆ ಯಾರೂ ಸಾಯಲ್ಲ. ನಮ್ಮ ಬೀದಿಯಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ, ಜಪಾನಿ ಭಾಷೆಯಂತೂ ಕೇಳಲೇಬೇಡಿ. ಆದರೂ ಎಲ್ಲರೂ ಆಡಿದೆವು. ಇಷ್ಟು ಚೆನ್ನಾಗಿ ಪಾಠ ಮಾಡುವವರು ನನಗೆ ಶಾಲೆಯಲ್ಲಿ ಇಬ್ಬರೋ ಮೂವರೋ ಸಿಕ್ಕಿದ್ದರು, ಅಷ್ಟೇ.

ಈಗ ನಮ್ಮೂರಿನ ಮಾತು. ನಮ್ಮ ಮನೆಗಳಿಗೆ ಬಂದ ಮೆಷಿನ್ನು ಅಸಲಿ ನಿಂಟೆಂಡೊ ಆಗಿರಲಿಲ್ಲ. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್ ಅನ್ನುವ ಮೆಷಿನ್ನಿನ ನಕಲುಗಳು ಅವು. ನೂರೆಂಟು ಹೆಸರಲ್ಲಿ ಬಂದವು. ಕ್ಯಾಸೆಟ್ಟಿನ ಮೇಲೆ 9999 ಆಟ ಅಂತ ಬರೆದಿರುತ್ತಿತ್ತು, ಒಳಗೆ ಅದೇ ಹತ್ತೋ ಹನ್ನೆರಡೋ ಆಟ ಮತ್ತೆ ಮತ್ತೆ. ಬಿಚ್ಚಿ ನೋಡಿದರೆ ಐಸಿ ಚಿಪ್ಪು ಕಾಣುವುದಿಲ್ಲ, ಅದರ ಮೇಲೆ ಕಪ್ಪು ರಾಳದ ಒಂದು ಗುಂಡು ಕೂತಿರುತ್ತದೆ. ಮರ್ಫಿ ರೇಡಿಯೊ ರಿಪೇರಿ ಮಾಡಿ ಬೆಳೆದ ನಮ್ಮ ಗುರುಗಳು "ಇದನ್ನ ರಿಪೇರಿ ಮಾಡೋ ಹಾಗೇ ಇಲ್ಲ ಕಣೋ" ಅಂತ ಕೈ ಚೆಲ್ಲುತ್ತಿದ್ದರು.

ಅಸಲಿ ಮೆಷಿನ್ನುಗಳನ್ನು ಜಪಾನಿನವರು, ಅಮೆರಿಕದವರು ಜೋಪಾನ ಮಾಡಿಟ್ಟಿದ್ದಾರೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ 14 ಗೇಮ್‌ಗಳನ್ನು ಕಲಾಕೃತಿ ಅಂತ ತೆಗೆದುಕೊಂಡಿತು. ಪ್ಯಾಕ್‌ಮ್ಯಾನ್, ಟೆಟ್ರಿಸ್ ಅದರಲ್ಲಿವೆ. ಮಾರಿಯೊ ಹಾಡನ್ನು 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಬೇಕಾದ ಧ್ವನಿಗಳ ಪಟ್ಟಿಗೆ ಸೇರಿಸಿತು. ಒಂದು ಗೇಮಿನ ಸಂಗೀತ ಆ ಪಟ್ಟಿಗೆ ಹೋಗಿದ್ದು ಅದೇ ಮೊದಲು. ಅಷ್ಟೆಲ್ಲ ಮಾಡಿಯೂ ಅಲ್ಲಿ ಪೂರ್ತಿ ಉಳಿದಿಲ್ಲ. 2010ಕ್ಕಿಂತ ಮುಂಚೆ ಅಮೆರಿಕದಲ್ಲಿ ಬಂದ ಗೇಮ್‌ಗಳಲ್ಲಿ 100ಕ್ಕೆ 87 ಈಗ ಕೊಳ್ಳೋಣ ಅಂದರೂ ಸಿಗುವುದಿಲ್ಲ ಅಂತ ಅಲ್ಲಿನ ಗೇಮ್ ಇತಿಹಾಸದ ಸಂಸ್ಥೆಯೊಂದು 2023ರಲ್ಲಿ ಲೆಕ್ಕ ಹಾಕಿ ಹೇಳಿತು.

ಅವರ ಕಥೆಯೇ ಹೀಗಾದರೆ ನಮ್ಮದು? ದಾವಣಗೆರೆಯ ಅಟ್ಟದ ಮೇಲಿರುವ ಹಳದಿ ಡಬ್ಬಿಯನ್ನು ಟೋಕಿಯೊದವರು ಬಂದು ಕಾಪಾಡಲ್ಲ. ಅದು ನಮ್ಮ ಇತಿಹಾಸ. ನಕಲಿ ಮೆಷಿನ್ನು, ಬಾಯಿಂದ ಬಾಯಿಗೆ ಬಂದ ಗುಟ್ಟು, ಒಂದು ರೂಪಾಯಿಗೆ ಇಷ್ಟು ನಿಮಿಷ ಅಂತ ಕೊಟ್ಟು ಆಡಿದ ಪಾರ್ಲರು. ಇದನ್ನು ನಾವು ಇಟ್ಟುಕೊಳ್ಳದಿದ್ದರೆ ಇನ್ಯಾರೂ ಇಟ್ಟುಕೊಳ್ಳುವುದಿಲ್ಲ.

ಬಾಯಿಂದ ಬಾಯಿಗೆ ಅಂದೆನಲ್ಲ. ಕಾಂಟ್ರಾ ಅಂತ ಒಂದು ಆಟ ಇತ್ತು, 1987ರದ್ದು. ಇಬ್ಬರು ಗನ್ ಹಿಡಿದು ಓಡುತ್ತಾ ಹೋಗುವುದು. ಮೂರೇ ಜೀವ. ಬಹಳ ಕಷ್ಟ. ಆದರೆ ಶುರುವಾಗುವ ಮುಂಚೆ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಅಂತ ಒತ್ತಿದರೆ ಮೂವತ್ತು ಜೀವ ಸಿಗುತ್ತಿತ್ತು. ಈ ಗುಟ್ಟು ಹುಟ್ಟಿದ್ದು ಜಪಾನಿನಲ್ಲಿ, 1986ರ ಗ್ರಾಡಿಯಸ್ ಅನ್ನುವ ಆಟಕ್ಕೆ. ಅದನ್ನು ಮಾಡಿದ ಕಜುಹಿಸಾ ಹಶಿಮೊಟೊ ಅವರಿಗೇ ಅದನ್ನು ಆಡಿ ಪರೀಕ್ಷೆ ಮಾಡುವುದು ಕಷ್ಟವಾಗಿ, ಸುಲಭ ಆಗಲಿ ಅಂತ ಇಟ್ಟುಕೊಂಡಿದ್ದು. ಆಮೇಲೆ ತೆಗೆಯದೆ ಉಳಿಯಿತು. ಆಗ ಇಂಟರ್‌ನೆಟ್ ಇಲ್ಲ, ಗೇಮ್ ಬಗ್ಗೆ ಬರೆಯುವ ಕನ್ನಡ ಪತ್ರಿಕೆಯೂ ಇರಲಿಲ್ಲ. ಆದರೂ ಹಳೇ ದಾವಣಗೆರೆಯ ಒಂದು ಓಣಿಯಲ್ಲಿ ಆರನೇ ಕ್ಲಾಸಿನ ಹುಡುಗನಿಗೆ ಅದು ಬಾಯಿಪಾಠ ಆಗಿತ್ತು. ಯಾರದೋ ಮಾವನ ಮಗ ಬೇಸಿಗೆ ರಜೆಗೆ ಬಂದಾಗ ಹೇಳಿಕೊಟ್ಟಿದ್ದು. ಒಗಟು, ಗಾದೆ ಊರಿಂದ ಊರಿಗೆ ಹೋಗುವುದು ಹೀಗೇ ಅಲ್ವಾ?

ನಮ್ಮವ್ವನ ವಿಷಯ ಹೇಳದೆ ಮುಂದೆ ಹೋಗಲಾರೆ. ಅವ್ವ ಶಾಲೆಗೆ ಹೋದವಳಲ್ಲ. ನಾನು ಸೆಕೆಂಡ್ ಹ್ಯಾಂಡಿನಲ್ಲಿ ನೋಕಿಯಾ 3310 ತಂದಿದ್ದೆ. ಅದರಲ್ಲಿ ಹಾವಿನ ಆಟ ಇತ್ತು, ಅದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಬಂಟುಮಿ ಅಂತ ಇನ್ನೊಂದು ಇತ್ತು. ನಾನು ಒಂದು ದಿನ ಅದನ್ನು ತೆರೆದು ಏನೂ ಅರ್ಥವಾಗದೆ ಕೂತಿದ್ದೆ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಬಗ್ಗಿ ನೋಡಿದಳು. "ಅಯ್ಯೋ, ಇದು ಅಳಗುಳಿ ಮಣೆ ಅಲ್ಲೇನೋ!" ಅಂದಳು. ಹೌದು. ನಮ್ಮದರಲ್ಲಿ ಒಂದೊಂದು ಕಡೆಗೆ ಏಳು ಗುಳಿ, ಹುಣಸೆ ಬೀಜ. ಅದರಲ್ಲಿ ಆರು ಗುಳಿ, ತುದಿಗೊಂದು ದೊಡ್ಡ ಗುಂಡಿ. ನಿಯಮ ಸ್ವಲ್ಪ ಬೇರೆ, ಹಂಚುತ್ತಾ ಹೋಗುವುದು ಒಂದೇ. ಆಫ್ರಿಕಾದಲ್ಲೂ ಇದೇ ಜಾತಿಯ ಆಟಗಳಿವೆ. ಇವಕ್ಕೆಲ್ಲ ಒಟ್ಟಾಗಿ ಮಂಕಾಲ ಅನ್ನುತ್ತಾರೆ. ಅವತ್ತಿಂದ ರಾತ್ರಿ ಊಟ ಆದ ಮೇಲೆ ಫೋನು ಅವ್ವನ ಕೈಗೆ. ಹಿಟ್ಟಿನ ಬೆರಳಿನ ಗುರುತು ಆ ಫೋನಿನ ಎರಡನೇ ಬಟನ್ನಿನ ಮೇಲೆ ಇನ್ನೂ ಇದೆ ಅಂತ ನನಗೆ ಅನಿಸುತ್ತದೆ. ಆ ಫೋನನ್ನು ನಾನು ಮಾರಿಲ್ಲ. ಕೋಣೆ ಕೊಟ್ಟರೆ ಮೊದಲು ಅದನ್ನೇ ತಂದು ಇಡುತ್ತೇನೆ, ಪಕ್ಕದಲ್ಲಿ ಒಂದು ಅಳಗುಳಿ ಮಣೆ.

ಗೇಮ್ ಅಂದರೆ ನಿನ್ನೆ ಮೊನ್ನೆ ಅಮೆರಿಕದಿಂದ ಬಂದ ರೋಗ ಅನ್ನುವವರಿಗೆ ಆ ಎರಡನ್ನೂ ಒಟ್ಟಿಗೆ ತೋರಿಸಬೇಕು. ಹಳೇ ಗುಡಿಗಳ ಕಟ್ಟೆ ಮೇಲೆ ಹುಲಿ ಕಟ್ಟಿನ ಗೆರೆ ಕೊರೆದಿದ್ದನ್ನು ನೀವೂ ನೋಡಿರುತ್ತೀರಿ. ಕಲ್ಲಾಗಲಿ, ಟಿವಿಯಾಗಲಿ, ಜನ ಆಡದೆ ಇರಲ್ಲ.

ರಿಪೇರಿಯವನಾಗಿ ನನಗೆ ಬಹಳ ಇಷ್ಟವಾದ ಕಥೆ ಪಾಂಗ್ ಆಟದ್ದು. 1972. ಅಟಾರಿ ಅನ್ನುವ ಕಂಪನಿಯ ಅಲ್ ಆಲ್ಕಾರ್ನ್ ಅನ್ನುವ ಇಂಜಿನಿಯರ್ ಮಾಡಿದ್ದು. ಎರಡು ಗೆರೆ, ಒಂದು ಚುಕ್ಕಿ, ಟೇಬಲ್ ಟೆನಿಸ್ ಥರ. ಅಮೆರಿಕದ ಸನಿವೇಲ್ ಊರಿನ ಒಂದು ಬಾರಿನಲ್ಲಿ ಇಟ್ಟರು. ಕೆಲವು ದಿನಕ್ಕೆ ಮೆಷಿನ್ ಕೆಟ್ಟಿದೆ ಅಂತ ಫೋನು ಬಂತು. ಆಲ್ಕಾರ್ನ್ ಹೋಗಿ ಬಿಚ್ಚಿದರೆ ಸರ್ಕ್ಯೂಟ್ ಸರಿಯಾಗೇ ಇದೆ. ಚಿಲ್ಲರೆ ಬೀಳುವ ಡಬ್ಬಿ ತುಂಬಿ ಉಕ್ಕಿ, ಒಳಗೆ ಸಿಕ್ಕಿಹಾಕಿಕೊಂಡಿತ್ತು! ವಿಡಿಯೊ ಗೇಮ್ ಅನ್ನುವುದು ಒಂದು ವ್ಯಾಪಾರ ಆಗಿದ್ದು ಅಲ್ಲಿಂದ.

1978ರ ಸ್ಪೇಸ್ ಇನ್ವೇಡರ್ಸ್‌ನದು ಇನ್ನೊಂದು ಥರ. ಅದನ್ನು ಮಾಡಿದ ತೊಮೊಹಿರೊ ನಿಶಿಕಾಡೊ ಹತ್ತಿರ ಇದ್ದ ಚಿಪ್ಪು ನಿಧಾನದ್ದು. ಪರದೆ ತುಂಬಾ ಶತ್ರುಗಳನ್ನು ಬಿಡಿಸುವಷ್ಟರಲ್ಲಿ ಅದಕ್ಕೆ ಸಾಕಾಗುತ್ತಿತ್ತು. ನೀವು ಒಬ್ಬೊಬ್ಬರನ್ನೇ ಹೊಡೆದಂತೆ ಅದರ ಕೆಲಸ ಹಗುರ ಆಗುತ್ತದೆ, ಉಳಿದವರು ಜೋರಾಗಿ ಓಡುತ್ತಾರೆ. ಕೊನೆಯವನನ್ನು ಹೊಡೆಯುವಾಗ ಎದೆ ಡವಡವ. ಅವರು ಅದನ್ನು ಸರಿ ಮಾಡದೆ ಹಾಗೇ ಬಿಟ್ಟರು. ಆಡುತ್ತಾ ಹೋದಂತೆ ಕಷ್ಟ ಹೆಚ್ಚುವ ರೀತಿ ಎಲ್ಲರಿಗೂ ರೂಢಿ ಮಾಡಿಸಿದ್ದು ಆ ಆಟ. ಮೇಲಿಂದ ಬೀಳುವ ಇಟ್ಟಿಗೆ ಜೋಡಿಸುವ ಟೆಟ್ರಿಸ್ ಆಟ ಮಾಡಿದ ಅಲೆಕ್ಸಿ ಪಾಜಿಟ್ನೊವ್ ಅವರ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಅನುಕೂಲವೇ ಇರಲಿಲ್ಲ. 1984ರಲ್ಲಿ ಮಾಸ್ಕೋದ ಸರ್ಕಾರಿ ಕೆಲಸದಲ್ಲಿ ಕೂತು, ಬರವಣಿಗೆಯಲ್ಲಿ ಹಾಕುವ ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿಕೊಂಡರು. ಆ ಆಟದಿಂದ ಅವರಿಗೆ ಸರಿಯಾಗಿ ದುಡ್ಡು ಬರಲು ಶುರುವಾಗಿದ್ದು 1996ರ ಹೊತ್ತಿಗೆ. ಇದನ್ನೆಲ್ಲ ಒಬ್ಬ ಹತ್ತನೇ ಕ್ಲಾಸಿನ ಹುಡುಗಿಗೆ ಹೇಳಿ, ಪಕ್ಕದಲ್ಲಿ ಆಟ ಹಾಕಿ ಕೊಡಿ. ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತದೆ ಅಂತ ಅವಳಿಗೆ ಬೇರೆ ಪಾಠ ಬೇಕಾಗಲ್ಲ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ನಿಮ್ಮ ಭಯ ಸುಳ್ಳಲ್ಲ. ನನಗೂ ಇಬ್ಬರು ಮಕ್ಕಳಿದ್ದಾರೆ. ರಾತ್ರಿ ಎರಡು ಗಂಟೆಗೆ ಹೊದಿಕೆಯೊಳಗೆ ಬೆಳಕು ಕಂಡು ಫೋನು ಕಿತ್ತುಕೊಂಡಿದ್ದೇನೆ. ಗೇಮಿನ ಚಟವೂ ಒಂದು ಕಾಯಿಲೆ ಅಂತ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪಟ್ಟಿಗೆ ಸೇರಿಸಿದೆ, ಅದು 2022ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇಂಥವರಿಗೆ ಒಂದು ಕ್ಲಿನಿಕ್ ಇದೆ. ಮಗು ಊಟ, ನಿದ್ದೆ, ಶಾಲೆ ಬಿಟ್ಟಿದ್ದರೆ ಅಲ್ಲಿಗೆ ಹೋಗಿ, ನಾಚಿಕೆ ಬೇಡ.

ಆದರೆ ಎಲ್ಲವನ್ನೂ ಗೇಮ್ ಅನ್ನುವ ಒಂದೇ ಹೆಸರಲ್ಲಿ ಕಟ್ಟಬೇಡಿ. ದುಡ್ಡು ಕಟ್ಟಿಸಿಕೊಳ್ಳುವ ರಮ್ಮಿ ಆ್ಯಪ್ ಇಸ್ಪೀಟೇ. ಅದರಲ್ಲಿ ಮನೆ ಮಾರಿಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ತಂದ ಕಾನೂನೂ ಇದನ್ನು ಬೇರೆ ಮಾಡಿದೆ. ದುಡ್ಡು ಕಟ್ಟುವ ಆನ್‌ಲೈನ್ ಆಟಕ್ಕೆ ನಿಷೇಧ, ಪಂದ್ಯದ ಥರ ಆಡುವ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ. ಇನ್ನು ಫೋನಿನಲ್ಲಿ ಬರುವ ಎಷ್ಟೋ ಆಟಗಳು ಮುಗಿಯುವುದೇ ಇಲ್ಲ. ಬಟ್ಟೆಗೆ ದುಡ್ಡು, ಬಂದೂಕಿಗೆ ದುಡ್ಡು, ನಾಳೆ ಬರದಿದ್ದರೆ ಬಹುಮಾನ ಹೋಯಿತು ಅನ್ನುವ ಬೆದರಿಕೆ. ಹಳೇ ಕ್ಯಾಸೆಟ್ಟು ಒಮ್ಮೆ ಕೊಂಡರೆ ಮುಗಿಯಿತು, ಅದು ನಿಮ್ಮನ್ನು ಮತ್ತೆ ಏನೂ ಕೇಳುವುದಿಲ್ಲ. ಎರಡನ್ನೂ ಆಡಿದ ಮಗುವಿಗೆ ವ್ಯತ್ಯಾಸ ತಾನೇ ತಿಳಿಯುತ್ತದೆ. ನನ್ನ ಮಗನಿಗೆ ತಿಳಿಯಿತು. "ಅಪ್ಪಾ, ಇದರಲ್ಲಿ ಜಾಹೀರಾತೇ ಬರಲ್ವಾ?" ಅಂತ ಕೇಳಿದ. ಅವತ್ತು ನಾವಿಬ್ಬರೂ ಒಂದೇ ಚಾಪೆ ಮೇಲೆ ಕೂತು ಒಂದು ಗಂಟೆ ಆಡಿದೆವು. ಅವನು ಎದ್ದು ಹೋಗಿ ಓದಿಕೊಂಡ.

ನಾನು ಈ ವಿಷಯ ಹಿಡಿದು ಮುಂಚೆಯೇ ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದೆ. ಮೂರು ಸಲ ಓಡಾಡಿದೆ. "ಹುಡುಗರನ್ನ ಹಾಳು ಮಾಡೋಕೆ ನಾವೇ ಜಾಗ ಕೊಡಬೇಕಾ?" ಅಂದರು. ಅರ್ಜಿ ಓದಿರಲಿಲ್ಲ. ನನಗೆ ಆ ಮಾತು ಬಹಳ ನೋವು ಮಾಡಿತು. ಕಂಪನಿ ನಾಟಕಕ್ಕೂ ಒಂದು ಕಾಲದಲ್ಲಿ ಇದೇ ಮಾತು ಬರುತ್ತಿತ್ತು ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ನಾಟಕಕ್ಕೆ ಹೋದ ಹುಡುಗ ಕೆಟ್ಟ, ಬಣ್ಣ ಹಚ್ಚಿದ ಹೆಣ್ಣು ಕೆಟ್ಟಳು ಅಂತ. ಅದೇ ಕಂಪನಿ ನಾಟಕದಲ್ಲಿ ಬೆಳೆದ ನಮ್ಮೂರಿನ ಚಿಂದೋಡಿ ಲೀಲಾ ಅವರಿಗೆ ಪದ್ಮಶ್ರೀ ಬಂತು. ಇವತ್ತು ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ಹೇಳಲು ದಾವಣಗೆರೆಯವರಿಗೆಲ್ಲ ಹೆಮ್ಮೆ.

ಪಾಲಿಕೆಯವರಿಗೆ ಇನ್ನೊಂದು ವಿಷಯ. ಅಮೆರಿಕದ ಅಲಮಗೋರ್ಡೊ ಅನ್ನುವ ಊರಿನ ಕಸದ ಗುಂಡಿಯಲ್ಲಿ 1983ರಲ್ಲಿ ಅಟಾರಿ ಕಂಪನಿ ಮಾರಾಟವಾಗದ ಕ್ಯಾಸೆಟ್ಟುಗಳನ್ನು ಲಾರಿಗಟ್ಟಲೆ ತಂದು ಹೂತು ಹಾಕಿತು. 2014ರಲ್ಲಿ ಜನ ಜೆಸಿಬಿ ತಂದು ಅದನ್ನೇ ಅಗೆದು ತೆಗೆದರು. ಒಂದು ಕ್ಯಾಸೆಟ್ಟು ಸ್ಮಿತ್‌ಸೋನಿಯನ್ ಸಂಗ್ರಹಾಲಯಕ್ಕೆ ಹೋಯಿತು. ಉಳಿದದ್ದರಲ್ಲಿ ಸ್ವಲ್ಪ ಭಾಗವನ್ನು ಹರಾಜು ಹಾಕಿದಾಗ ಒಂದು ಲಕ್ಷ ಡಾಲರಿಗೂ ಜಾಸ್ತಿ ಬಂತು. ನಮ್ಮಲ್ಲಿ ಅಗೆಯುವ ಖರ್ಚು ಬೇಡ. ಎಲ್ಲಾ ಇನ್ನೂ ಅಟ್ಟದ ಮೇಲೇ ಇದೆ.

ಇನ್ನೂ ಒಂದು. ಮೈನ್‌ಕ್ರಾಫ್ಟ್ ಅಂತ ಇಟ್ಟಿಗೆ ಇಟ್ಟು ಕಟ್ಟುವ ಆಟ ಇದೆ, 30 ಕೋಟಿಗೂ ಜಾಸ್ತಿ ಮಾರಾಟವಾಗಿದೆ. ಅದನ್ನು ಹಿಡಿದು ವಿಶ್ವಸಂಸ್ಥೆಯ ನಗರ ವಸತಿ ವಿಭಾಗ 2012ರಿಂದ ಒಂದು ಕೆಲಸ ನಡೆಸಿದೆ. ಊರಿನ ಜನರನ್ನೇ ಕೂರಿಸಿ, ನಿಮ್ಮ ಬೀದಿಯ ಮೈದಾನ ಹೇಗಿರಬೇಕು ಕಟ್ಟಿ ತೋರಿಸಿ ಅನ್ನುತ್ತಾರೆ. ನೈರೋಬಿಯ ಕಿಬೆರಾ ಕೊಳೆಗೇರಿಯಲ್ಲಿ ಹಾಗೆ ಮಾಡಿದರು. ಸ್ಮಾರ್ಟ್ ಸಿಟಿಯ ಮೊದಲ 20 ಊರಿನಲ್ಲಿ ನಮ್ಮದೂ ಒಂದಾಗಿತ್ತು. ಪಾರ್ಕಿನ ನಕ್ಷೆ ಬರೆಯುವ ಮುಂಚೆ ಕುಂದವಾಡ ಕೆರೆ ಏರಿ ಮೇಲೆ ಸೈಕಲ್ ಹೊಡೆಯುವ ಮಕ್ಕಳನ್ನು ಒಂದು ಸಲ ಕೇಳಿ ನೋಡಿ. ಉತ್ತರ ಕಟ್ಟಿ ತೋರಿಸುತ್ತಾರೆ.

ಮಕ್ಕಳು ಬರೀ ಆಡುವವರಾಗೇ ಉಳಿಯಬಾರದು ಅನ್ನುವುದು ನನ್ನ ಆಸೆ. 2023ರಲ್ಲಿ ವೆಂಬಾ ಅಂತ ಒಂದು ಗೇಮ್ ಬಂತು. ಕೆನಡಾಗೆ ಹೋದ ಒಂದು ತಮಿಳು ಮನೆಯ ಕಥೆ. ಮೊದಲನೇ ಸ್ಟೇಜೇ ಇಡ್ಲಿ ಮಾಡುವುದು. ಅಮ್ಮನ ಅಡುಗೆ ಪುಸ್ತಕ ಅಲ್ಲಲ್ಲಿ ಹರಿದಿದೆ, ತಟ್ಟೆ ಹೇಗೆ ಜೋಡಿಸಬೇಕು ಅಂತ ನಾವೇ ಯೋಚಿಸಬೇಕು. ಅದಕ್ಕೆ 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. ನಮ್ಮಲ್ಲಿ ಬೆಣ್ಣೆ ದೋಸೆ ಇದೆ. ಪಕ್ಕದಲ್ಲಿ ಚಿತ್ರದುರ್ಗ ಇದೆ. ಓಬವ್ವನ ಕಿಂಡಿ ಮುಂದೆ ನಿಂತಾಗಲೆಲ್ಲ ನನಗೆ ಅನಿಸುತ್ತದೆ, ಇದಕ್ಕಿಂತ ಒಳ್ಳೆ ಸ್ಟೇಜ್ ಯಾರು ಮಾಡಿಯಾರು? ಒಂದು ಸಲಕ್ಕೆ ಒಬ್ಬನೇ ನುಗ್ಗಬಹುದಾದ ಕಿಂಡಿ, ಒಳಗೆ ಒಬ್ಬಳೇ ಹೆಂಗಸು, ಕೈಯಲ್ಲಿ ಒನಕೆ, ಸದ್ದಾಗಬಾರದು. ಅದನ್ನು ಮಾಡುವ ಹುಡುಗಿ ಈಗ ನಮ್ಮೂರಿನ ಯಾವುದೋ ಸರ್ಕಾರಿ ಶಾಲೆಯಲ್ಲಿ ಇರಬಹುದು. ಅವಳು ಮೊದಲು ಒಳ್ಳೆಯ ಆಟ ನೋಡಿರಬೇಕು ಅಲ್ವಾ?

ಬೇಕಾಗಿರುವುದು ಜಾಸ್ತಿ ಇಲ್ಲ. ಹತ್ತಡಿ ಹನ್ನೆರಡಡಿ ಕೋಣೆ, ಸರಿಯಾದ ಅರ್ಥಿಂಗ್ ಇರುವ ನಾಲ್ಕು ಪ್ಲಗ್ ಪಾಯಿಂಟು, ಬೀಗ ಇರುವ ಒಂದು ಬೀರು. ನನ್ನ ಹತ್ತಿರ ಓಡುವ ಹನ್ನೊಂದು ಸೆಟ್ಟುಗಳಿವೆ, ಕ್ಯಾಸೆಟ್ಟು ನೂರರ ಮೇಲಿವೆ. ಎಲ್ಲಾ ಕೊಡುತ್ತೇನೆ. ಕೆಟ್ಟರೆ ನಾನೇ ಬಂದು ರಿಪೇರಿ ಮಾಡುತ್ತೇನೆ, ಕೂಲಿ ಬೇಡ. ಒಬ್ಬರಿಗೆ ಅರ್ಧ ಗಂಟೆ, ಇಬ್ಬರು ಕೂತು ಆಡುವ ಆಟಕ್ಕೆ ಮೊದಲ ಸ್ಥಾನ, ಒಳಗೆ ಮೊಬೈಲ್ ಇಲ್ಲ.

ಮತ್ತೆ ಮೂರು ಡಬ್ಬಾ ಟಿವಿ ಕೊಡುತ್ತೇನೆ. ಎಲ್‌ಇಡಿ ಇದೆಯಲ್ಲ, ಇದ್ಯಾಕೆ ಅನ್ನಬೇಡಿ. ಬಾತುಕೋಳಿ ಹೊಡೆಯುವ ಆಟ ನೆನಪಿದೆಯಾ? ಆ ಗನ್ನಿನಿಂದ ಏನೂ ಹೊರಗೆ ಹೋಗುವುದಿಲ್ಲ. ನೀವು ಗನ್ನಿನ ಟ್ರಿಗರ್ ಎಳೆದಾಗ ಪರದೆ ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಬರುತ್ತದೆ. ಗನ್ನಿನ ಮೂತಿಯಲ್ಲಿರುವ ಸಣ್ಣ ಕಣ್ಣು ಆ ಬಿಳಿ ಬೆಳಕನ್ನು ಕಂಡರೆ ಗುರಿ ಬಿತ್ತು ಅಂತ ಲೆಕ್ಕ. ಆ ಹೊತ್ತು ಹಳೇ ಪಿಕ್ಚರ್ ಟ್ಯೂಬಿನ ವೇಗಕ್ಕೆ ಹೊಂದಿಸಿದ್ದು. ಎಲ್‌ಇಡಿಯಲ್ಲಿ ಬೆಳಕು ತಡವಾಗಿ ಬರುತ್ತದೆ, ಗನ್ನು ಕುರುಡಾಗುತ್ತದೆ. ಅಂಥ ಟಿವಿಗಳನ್ನು ಗುಜರಿಯವರು ಈಗ ತಾಮ್ರದ ಸುರುಳಿಗೋಸ್ಕರ ಒಡೆಯುತ್ತಿದ್ದಾರೆ. ನಮ್ಮ ಬೀದಿಗೆ ಗಾಡಿ ವಾರಕ್ಕೆ ಎರಡು ಸಲ ಬರುತ್ತದೆ.

ಭಾನುವಾರ ಅಂಗಡಿಗೆ ಗಿರಾಕಿ ಕಡಿಮೆ. ದಯವಿಟ್ಟು ಯಾರಾದರೂ ಒಬ್ಬರು ಬನ್ನಿ. ಬೆಳಿಗ್ಗೆ ಹತ್ತರಿಂದ ಟಿವಿ ಹಾಕಿಟ್ಟಿರುತ್ತೇನೆ. ವಿದ್ಯಾನಗರದ ಅಕ್ಕನೂ ಬರುತ್ತೇನೆ ಅಂದಿದ್ದಾರೆ. ಎರಡನೇ ರಿಮೋಟ್ ಖಾಲಿ ಇರುತ್ತದೆ.

ಇಂತಿ ನಿಮ್ಮ,
ಒಬ್ಬ ಟಿವಿ ರಿಪೇರಿಯವ
ಮಂಡಿಪೇಟೆ, ದಾವಣಗೆರೆ